ಹಳ್ಳಿಯಲ್ಲಿ ಕಾನೂನು ನೆರವು: ವಿದ್ಯಾರ್ಥಿಗಳು ಎಲ್ಲಿಯವರೆಗೆ ಕೈಹಾಕಬಹುದು?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ, ಕಲಬುರಗಿ):
ನಾವು ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇವೆ. ಕಾಲೇಜಿನ ಕಾನೂನು ನೆರವು ಕೇಂದ್ರದ ಮೂಲಕ ಸೇಡಂ ತಾಲ್ಲೂಕಿನ ಒಂದು ಹಳ್ಳಿಯಲ್ಲಿಯೂ ಪಕ್ಕದ ತಾಂಡಾದಲ್ಲಿಯೂ ಕೆಲಸ ಮಾಡಬೇಕೆಂದಿದ್ದೇವೆ. ಒಂದು ದಿನದ ಅರಿವು ಶಿಬಿರಕ್ಕೆ ಅದು ಮುಗಿಯಬಾರದೆಂಬುದು ನಮ್ಮ ಆಸೆ. ತಂದೆ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಹೆಸರು ಬದಲಾಗಿಲ್ಲ, ಫೌತಿ ಖಾತೆಗೆ ಅರ್ಜಿ ಬರೆದುಕೊಡಿ ಎಂದು ಕೇಳುವವರೇ ಅಲ್ಲಿ ಹೆಚ್ಚು. ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಪಡೆಯದ ನಾವು ಇದನ್ನು ಮಾಡಬಹುದೇ?

ಉತ್ತರ (ವಕೀಲರು, ಕಲಬುರಗಿ):
ಮಾಡಬಹುದು ತಂಗಿ, ಆದರೆ ಅಧ್ಯಾಪಕರ ಮೇಲ್ವಿಚಾರಣೆ ಇರಬೇಕು. 1961ರ ವಕೀಲರ ಅಧಿನಿಯಮದಂತೆ ವಕೀಲಿ ವೃತ್ತಿ ಸನ್ನದು ಪಡೆದವರಿಗೇ ಸೇರಿದ್ದು. ಆದ್ದರಿಂದ ಕಕ್ಷಿದಾರರ ಪರವಾಗಿ ವಾದಿಸುವುದಾಗಲಿ, ದಾವೆಯ ಫಲದ ಬಗ್ಗೆ ಭರವಸೆ ಕೊಡುವುದಾಗಲಿ ನಿಮ್ಮ ಕೆಲಸವಲ್ಲ. ಕಾಗದಗಳನ್ನು ಓದಿ ತಿಳಿಸುವುದು, ಅರ್ಜಿ ಬರೆದುಕೊಡುವುದು, ನಾಡಕಚೇರಿಗೆ ಜೊತೆಯಲ್ಲಿ ಹೋಗಿ ಸ್ವೀಕೃತಿ ಪಡೆಯುವುದು ನಿಮ್ಮಿಂದ ಆಗುವ ಕೆಲಸಗಳು. ದಾವೆಯ ಹಂತಕ್ಕೆ ಬಂದದ್ದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳುಹಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದಡಿ ಮಹಿಳೆಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100.

ಉತ್ತರ (ಪ್ಯಾರಾ ಲೀಗಲ್ ಸ್ವಯಂಸೇವಕಿ, ಯಾದಗಿರಿ):
ವಕೀಲರ ಮಾತನ್ನು ಒಪ್ಪುತ್ತೇನೆ. ಆದರೆ ಅರ್ಜಿ ಬರೆಯುವ ಮುನ್ನ ವಂಶಾವಳಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ನೋಡಿ. ಕಾಗದ ಹಿಡಿದು ಬರುವವನು ಸಾಮಾನ್ಯವಾಗಿ ಮಗ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇರುವುದೇ ಇಲ್ಲ. ನೀವು ನೆರವೆಂದು ಬರೆದುಕೊಟ್ಟ ಅರ್ಜಿಯೇ ಆಕೆಯ ಹೆಸರನ್ನು ದಾಖಲೆಯಿಂದ ದೂರವಿಡುವ ಸಾಧನವಾಗಬಾರದು ಎಂಬುದೇ ನನ್ನ ದೊಡ್ಡ ಕಳವಳ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ಬಳಿಕ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ವರ್ಷ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಆದರೂ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗ ಆಗಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಆದ್ದರಿಂದ ದಿನಾಂಕ ಕೇಳಲು ಮರೆಯಬೇಡಿ.

ಇನ್ನೊಂದು ಸೂಕ್ಷ್ಮವಿದೆ. ತಾಂಡಾದ ಲಂಬಾಣಿಗರು ಪರಿಶಿಷ್ಟ ಜಾತಿಯವರಾದ್ದರಿಂದ ಅವರಿಗೆ ಈ ಕಾಯ್ದೆ ಅನ್ವಯಿಸುತ್ತದೆ. ಸುರಪುರ ಭಾಗದ ನಾಯಕರು ಪರಿಶಿಷ್ಟ ಪಂಗಡದವರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2(2)ನೇ ಪ್ರಕರಣ ಪಂಗಡಗಳನ್ನು ಹೊರಗಿಟ್ಟಿದೆ. ಅಂಥ ಮನೆಯ ಮಗಳಿಗೆ ನೀವಾಗಿಯೇ ಉತ್ತರ ಹೇಳದೆ ವಕೀಲರ ಬಳಿ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು:
ಮೇಡಂ, ಅಣ್ಣನ ಮೇಲಿನ ಪ್ರೀತಿಯಿಂದ ತಾನೇ ಹಕ್ಕು ಬಿಟ್ಟುಕೊಡುತ್ತೇನೆ ಎಂದು ತಂಗಿ ಹೇಳಿದರೆ?

ಉತ್ತರ (ಸ್ವಯಂಸೇವಕಿ, ಯಾದಗಿರಿ):
ಅದು ಆಕೆಯ ನಿರ್ಧಾರ. ಆದರೆ ಅಣ್ಣ ಎದುರಿಗಿಲ್ಲದಾಗ ಒಮ್ಮೆ ಕೇಳಿ, ಹಕ್ಕು ಬಿಡುಗಡೆ ಪತ್ರವನ್ನು ಸಹಿಗೆ ಮುನ್ನ ಪೂರ್ತಿ ಓದಿ ಹೇಳಿ. ತವರಿನ ಬಾಗಿಲು ಮುಚ್ಚೀತೆಂಬ ಭಯ ಎಷ್ಟೋ ಹೆಣ್ಣುಮಕ್ಕಳಿಂದ ಸಹಿ ಹಾಕಿಸುತ್ತದೆ. ಸಹಿ ಹಾಕದೆ ಸುಮ್ಮನಿದ್ದರೂ, ಪಹಣಿಯಲ್ಲಿ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ ಎಂಬುದನ್ನೂ ಆಕೆಗೆ ತಿಳಿಸಿ.

ಉತ್ತರ (ನಿವೃತ್ತ ಕಂದಾಯ ನೌಕರರು, ಬೀದರ್):
ನಿಜಾಮರ ಕಾಲದ ಹಳೆಯ ಜಮೀನು ದಾಖಲೆಗಳು ಉರ್ದುವಿನಲ್ಲಿವೆ. ನಿಮ್ಮ ತಂಡದಲ್ಲಿ ಉರ್ದು ಓದಬಲ್ಲವರು ಒಬ್ಬರು, ಲಂಬಾಣಿ ಮಾತನಾಡಬಲ್ಲವರು ಒಬ್ಬರು ಇರುವಂತೆ ನೋಡಿಕೊಳ್ಳಿ. ಮೂಲ ಕಾಗದಗಳನ್ನು ಎಂದೂ ನಿಮ್ಮ ಬಳಿ ಇಟ್ಟುಕೊಳ್ಳದೆ, ನಕಲು ತೆಗೆದು ಆ ದಿನವೇ ಹಿಂದಿರುಗಿಸಿ.