ಸಹಾಯ ಬೇಕು: ಕೆಂಪು ಬೆಳಕಿನ ಥೆರಪಿ ಪ್ಯಾನಲ್ ಅಳೆಯಾಕ ಮೀಟರ್

ಬೆಳಗಾವಿ ಕಡೆ ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ನಮಸ್ಕಾರ್ರೀ. ಮೊಣಕಾಲ ನೋವಿಗೆ ಹಿಡಿಯೋ ಸಣ್ಣ ಪ್ಯಾನಲ್ ಇದು. ಕಣ್ಣಿನ ಅಪಾಯ ನೋಡಿ ಲೇಸರ್ ಡಯೋಡ್ ಬಿಟ್ಟು 3 ವ್ಯಾಟಿನ ಎಲ್‌ಇಡಿ ಹಾಕೀನಿ: 660 ನ್ಯಾನೋಮೀಟರ್ ತರಂಗಾಂತರದ ಕೆಂಪು 6, ಕಣ್ಣಿಗೆ ಕಾಣದ 850ರ ಇನ್‌ಫ್ರಾರೆಡ್ 4. ಎಲ್ಲಾ ಸೀರೀಸ್, ಸುಮಾರು 20 ವೋಲ್ಟ್, 600 ಮಿಲಿಆಂಪಿನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ (ಎಲ್‌ಇಡಿಗೆ ಒಂದೇ ಸಮ ಕರೆಂಟ್ ಕೊಡೋದು). ಡ್ರೈವರ್ ಐಸೋಲೇಟೆಡ್ ಐತಿ, ಅಂದ್ರ ಮನಿ ಕರೆಂಟಿಗೂ ಎಲ್‌ಇಡಿಗೂ ನೇರ ಸಂಪರ್ಕ ಇಲ್ಲ. ಐಸೋಲೇಶನ್ ಇಲ್ಲದ ಅಗ್ಗದ್ದು ಹಾಕಿದ್ರ ಎಲ್‌ಇಡಿ ಕೂಡಿಸಿದ ಪ್ಲೇಟಿಗೇ ಕರೆಂಟ್ ಬರಬಹುದು, ಮೈಗೆ ಹಿಡಿಯೋ ಸಾಮಾನಿಗೆ ಅದು ಬ್ಯಾಡ.

ತೊಂದರೆ ಬಿಸಿದು. 10×15 ಸೆಂ.ಮೀ., 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಹತ್ತು ನಿಮಿಷಕ್ಕ ಕೈ ಇಡಾಕ ಆಗದಷ್ಟು ಸುಡತೈತಿ. ಬಿಸಿ ಏರಿದಂಗ ಬೆಳಕು ಇಳೀತೈತಿ, 660ರದು ಮೊದಲು. ಉದ್ಯಮಬಾಗದಾಗ ರೆಕ್ಕೆ ಇರೋ ಹೀಟ್‌ಸಿಂಕ್ ಇದೇ ಅಳತಿಗೆ ಕತ್ತರಿಸಿ ಕೊಡೋರು ಯಾರಾದ್ರೂ ಇದ್ದಾರೇನ್ರಿ?

ಮುಖ್ಯ ಕೆಲಸ ಅಳತಿದು. ಚದರ ಸೆಂ.ಮೀ.ಗೆ 20 ಮಿಲಿವ್ಯಾಟ್ ಬಿದ್ರ 200 ಸೆಕೆಂಡಿಗೆ ಚದರ ಸೆಂ.ಮೀ.ಗೆ 4 ಜೂಲ್ ಡೋಸ್ ಆಗತೈತಿ. ಆ 20 ಖರೇನ ಬೀಳತೈತೋ ಇಲ್ಲೋ ಗೊತ್ತಾಗಬೇಕು. ಸೋಲಾರ್ ಮೀಟರ್ ಬಿಸಿಲಿಗೆ ಹೊಂದಿಸಿದ್ದು, ಇಂಥ ಬೆಳಕಿಗೆ ಹೆಚ್ಚು ತೋರಸತೈತಿ. ಲಕ್ಸ್ ಮೀಟರಿಗೆ 850 ಕಾಣೋದೇ ಇಲ್ಲ. ತರಂಗಾಂತರ ಸೆಟ್ ಮಾಡೋ ಆಪ್ಟಿಕಲ್ ಪವರ್ ಮೀಟರ್ ಇರೋ ಕಾಲೇಜು ಲ್ಯಾಬಿನವರು ಅರ್ಧ ತಾಸು ಬಿಡುವು ಮಾಡಿಕೊಟ್ರ ಪ್ಯಾನಲ್, ಗಾಗಲ್ಸ್ ಎರಡೂ ತಗೊಂಡು ಬರ್ತೀನ್ರಿ.