ತಂದೆಗೆ ಹಂಟಿಂಗ್ಟನ್ ಕಾಯಿಲೆ: ಮಕ್ಕಳು ಮೆದುಳಿನ ಎಂಆರ್‌ಐ ಮಾಡಿಸಬೇಕೆ?

ಜಮಖಂಡಿಯಿಂದ ಪ್ರಶ್ನೆ

ನಮ್ಮ ತಂದೆಯವರಿಗೆ ಈಗ 56 ವರ್ಷ. ನಾಲ್ಕೈದು ವರ್ಷಗಳಿಂದ ಅವರ ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಅಲುಗುತ್ತಿದ್ದವು. ಕಳೆದ ದೀಪಾವಳಿಯ ಹೊತ್ತಿಗೆ ರಕ್ತದ ಜೀನ್ ಪರೀಕ್ಷೆಯಲ್ಲಿ ಅದು ಹಂಟಿಂಗ್ಟನ್ ಕಾಯಿಲೆ, ಅಂದರೆ ಮೆದುಳು ಸವೆಯುತ್ತ ಹೋಗುವ, ವಂಶದಲ್ಲಿ ದಾಟಿ ಬರುವ ಕಾಯಿಲೆ ಎಂದು ಖಚಿತವಾಯಿತು. ವರದಿಯಲ್ಲಿ ಸಿಎಜಿ ಸಂಖ್ಯೆ 43 ಎಂದಿದೆ. ನಮ್ಮ ಅಜ್ಜನೂ ಹೀಗೆಯೇ ತೂರಾಡುತ್ತ ನಡೆಯುತ್ತಿದ್ದರೆಂದೂ ಊರವರು ಅವರನ್ನು ಕುಡುಕರೆಂದೇ ತಿಳಿದಿದ್ದರೆಂದೂ ಹಿರಿಯರು ಈಗ ನೆನೆಯುತ್ತಾರೆ. ನನಗೆ 31 ವರ್ಷ, ತಮ್ಮನಿಗೆ 28, ತಂಗಿಗೆ 25. ತಂಗಿಯನ್ನು ನಮ್ಮ ಸೋದರತ್ತೆಯ ಮಗನಿಗೆ ಕೊಡುವ ಮಾತು ನಡೆದಿದೆ. ಪರಿಚಯದ ಸ್ಕ್ಯಾನ್ ಕೇಂದ್ರದವರೊಬ್ಬರು, ಮೂವರೂ ಮೆದುಳಿನ ಎಂಆರ್‌ಐ ಮಾಡಿಸಿಬಿಡಿ, ಏನೂ ಇಲ್ಲವೆಂದು ಬಂದರೆ ಚಿಂತೆ ಬಿಡಿ ಎನ್ನುತ್ತಿದ್ದಾರೆ. ಬರುವ ಭಾನುವಾರಕ್ಕೆ ಹೆಸರನ್ನೂ ಬರೆಸಿದ್ದೇವೆ. ಈ ದಾರಿಯಲ್ಲಿ ಹೋಗಿ ಬಂದವರು ಇದ್ದರೆ ದಯವಿಟ್ಟು ತಿಳಿಸಬೇಕು.

ರಬಕವಿ-ಬನಹಟ್ಟಿಯಿಂದ, ನೇಕಾರರ ಮನೆಯ ಮಗಳು

ಅಣ್ಣಾ, ಭಾನುವಾರದ ಆ ಸ್ಕ್ಯಾನನ್ನು ಸದ್ಯಕ್ಕೆ ನಿಲ್ಲಿಸಿರಿ. ಅದೇ ತಪ್ಪನ್ನು ನಾನು ಮಾಡಿದ್ದೇನೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ನಮ್ಮ ಅಪ್ಪ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ಮಗ್ಗದ ಮೇಲೆ ಎಳೆ ಹರಿದರೆ ಮಾತನಾಡುತ್ತಲೇ, ಅತ್ತ ನೋಡದೆಯೇ, ಎರಡು ಬೆರಳಿನಲ್ಲಿ ಹೊಸೆದು ಕೂಡಿಸಿಬಿಡುತ್ತಿದ್ದ ಕೈ ಅದು. 47ನೆಯ ವಯಸ್ಸಿಗೆ ಆ ಎಳೆ ಕೂಡದಾಯಿತು. ಬೆರಳುಗಳು ಹಾರ್ಮೋನಿಯಂ ಬಾರಿಸುವಂತೆ ಸುಮ್ಮಸುಮ್ಮನೆ ಆಡತೊಡಗಿದವು. ಅದಕ್ಕಿಂತ ಎರಡು ವರ್ಷ ಮೊದಲೇ ಅವರ ಸ್ವಭಾವ ಬದಲಾಗಿತ್ತು, ಸಣ್ಣ ಮಾತಿಗೂ ತಾಟು ಎಸೆಯುತ್ತಿದ್ದರು, ಆದರೆ ಅದೂ ಕಾಯಿಲೆಯ ಭಾಗವೆಂದು ನಮಗೆ ಹೊಳೆಯಲಿಲ್ಲ. ಕೊನೆಗೆ ನರರೋಗ ತಜ್ಞರೊಬ್ಬರು ನಾಲಿಗೆಯನ್ನು ಹೊರಗೆ ಚಾಚಿ ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿಯಿರಿ ಎಂದರು. ಮೂರು ಎಣಿಸುವಷ್ಟರಲ್ಲಿ ಅಪ್ಪನ ನಾಲಿಗೆ ತಾನಾಗಿಯೇ ಒಳಗೆ ಸರಿಯಿತು. ಇನ್ನೊಮ್ಮೆ ಮಾಡಿಸಿದರು, ಮತ್ತೆ ಅದೇ ಆಯಿತು. ಆಮೇಲೆ ಅವರು ಸ್ಕ್ಯಾನಿಗೆ ಬರೆಯುವ ಮೊದಲು ಒಂದು ಹಾಳೆ ತೆಗೆದು ನಮ್ಮ ಮನೆತನದ ವಂಶವೃಕ್ಷವನ್ನು ಬರೆದುಕೊಂಡರು: ಯಾರು, ಯಾವ ವಯಸ್ಸಿನಲ್ಲಿ, ಹೇಗೆ ತೀರಿಕೊಂಡರು ಎಂದು.

ಅಪ್ಪನಿಗೆ ಎಂಆರ್‌ಐ ಮಾಡಿಸಿದ್ದು ಸರಿಯೇ ಆಗಿತ್ತು. ಕಾಯಿಲೆ ಮೈಯಲ್ಲಿ ಕಾಣಿಸಿಕೊಂಡವರಿಗೆ ಲಕ್ವ, ಗಡ್ಡೆ ಮುಂತಾದ ಬೇರೆ ಕಾರಣಗಳು ಇಲ್ಲವೆಂದು ನೋಡುವುದಕ್ಕೂ ಮೆದುಳಿನಲ್ಲಿ ಆದ ಸವೆತವನ್ನು ಅಳೆಯುವುದಕ್ಕೂ ಅದು ಬೇಕಾಗುತ್ತದೆ. ತಪ್ಪಾದದ್ದು ಮುಂದೆ. ಆಗ 29 ವರ್ಷದವಳಾಗಿದ್ದ ನಾನು, ಮನೆಯಲ್ಲಿ ಯಾರಿಗೂ ಹೇಳದೆ, 6,500 ರೂಪಾಯಿ ಕೊಟ್ಟು ನನ್ನ ಮೆದುಳಿನ ಎಂಆರ್‌ಐ ಮಾಡಿಸಿಕೊಂಡೆ. ದೋಷವೇನೂ ಇಲ್ಲ ಎಂಬ ಒಂದು ಸಾಲಿನ ವರದಿ ಬಂದಿತು. ನಾನು ಪೇಢೆ ಹಂಚಿದೆ. ಎರಡು ವರ್ಷ ನೆಮ್ಮದಿಯಿಂದಿದ್ದೆ, ಮದುವೆಯೂ ಆಯಿತು. ಬಳಿಕ ಬೆಂಗಳೂರಿನ ನಿಮ್ಹಾನ್ಸ್‌ಗೆ ಅಪ್ಪನನ್ನು ಕರೆದುಕೊಂಡು ಹೋದಾಗ ಆನುವಂಶಿಕ ಸಲಹೆ ನೀಡುವವರ ಮುಂದೆ ಆ ವರದಿಯನ್ನು ಇಟ್ಟೆ. ಅವರು ಅದನ್ನು ಓದಿ, ಮಡಿಸಿ, ನನ್ನ ಕೈಗೇ ಕೊಟ್ಟು, ಇದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಬಂದಿಲ್ಲ ಎಂದರು. ದೋಷವಿರುವ ಜೀನ್ ಇದ್ದವರ ಮೆದುಳೂ ಆ ವಯಸ್ಸಿನಲ್ಲಿ ಕಣ್ಣಿಗೆ ಪೂರ್ತಿ ಸರಿಯಾಗಿಯೇ ಕಾಣಬಹುದಂತೆ.

ಉತ್ತರ ಕೊಡುವುದು ರಕ್ತದ ಪರೀಕ್ಷೆ ಮಾತ್ರ. ನಾಲ್ಕನೆಯ ವರ್ಣತಂತುವಿನಲ್ಲಿರುವ ಆ ಜೀನನ್ನು 1993ರಲ್ಲಿ ಗುರುತಿಸಿದರು. ಅದರಲ್ಲಿ ಸಿಎಜಿ ಎಂಬ ಮೂರಕ್ಷರದ ತುಣುಕು ಎಷ್ಟು ಸಲ ಮರುಕಳಿಸುತ್ತದೆ ಎಂದು ಎಣಿಸುತ್ತಾರೆ. 26ರವರೆಗೆ ಇದ್ದರೆ ಸಹಜ. 27ರಿಂದ 35ರವರೆಗೆ ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಆದರೆ ಮಕ್ಕಳಿಗೆ ದಾಟುವಾಗ, ಅದರಲ್ಲಿಯೂ ತಂದೆಯಿಂದ ದಾಟುವಾಗ, ಸಂಖ್ಯೆ ಬೆಳೆಯಬಹುದು. 36ರಿಂದ 39 ಇದ್ದರೆ ಬರಬಹುದು, ಬಾರದೆಯೂ ಇರಬಹುದು. 40 ಮತ್ತು ಮೇಲ್ಪಟ್ಟು ಇದ್ದರೆ, ಪೂರ್ಣ ಆಯುಷ್ಯ ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. ಆದರೆ ಯಾವ ವರ್ಷ ಬರುತ್ತದೆ ಎಂಬುದನ್ನು ಆ ಸಂಖ್ಯೆ ಕರಾರುವಾಕ್ಕಾಗಿ ಹೇಳುವುದಿಲ್ಲ. ನಿಮ್ಮ ತಂದೆಯವರದು 43 ಆಗಿರುವುದರಿಂದ ಪ್ರತಿ ಮಗುವಿಗೂ ಶೇಕಡಾ 50ರ ಸಾಧ್ಯತೆ ಇದೆ. ನಮ್ಮ ಕಾಕಾ ಇದನ್ನು ಇಬ್ಬರಲ್ಲಿ ಒಬ್ಬರಿಗೆ ಬರುತ್ತದೆ ಎಂದು ತಿಳಿದು, ಒಬ್ಬನಿಗೆ ಬಂದಿದೆಯಾದ್ದರಿಂದ ಇನ್ನೊಬ್ಬನು ಪಾರಾದ ಎಂದು ಲೆಕ್ಕ ಹಾಕಿದ್ದರು. ಹಾಗಲ್ಲ, ಪ್ರತಿಯೊಬ್ಬರಿಗೂ ನಾಣ್ಯವನ್ನು ಬೇರೆಯಾಗಿಯೇ ಚಿಮ್ಮಬೇಕು.

ಮೊದಲ ಭೇಟಿಯಲ್ಲಿ ನನ್ನ ರಕ್ತವನ್ನೇ ತೆಗೆಯಲಿಲ್ಲ. ಫಲಿತಾಂಶ ತಿಳಿದ ದಿನ ರಾತ್ರಿ ಮನೆಯಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ ಎಂದು ಕೇಳಿದರು, ನನಗೆ ಹೇಳಲು ಬರಲಿಲ್ಲ. ಮನೋವೈದ್ಯರೊಡನೆಯೂ ಕೂಡಿಸಿದರು. ರಕ್ತ ಕೊಟ್ಟ ಮೇಲೆಯೂ ಫಲಿತಾಂಶ ಬೇಡವೆನ್ನುವ ಹಕ್ಕು ನಮಗಿದೆ, ಯಾರ ಒತ್ತಾಯದಿಂದಲೂ ಮಾಡಿಸಬಾರದು, ಲಕ್ಷಣವಿಲ್ಲದ 18ರೊಳಗಿನ ಮಕ್ಕಳಿಗೆ ಮಾಡುವುದೇ ಇಲ್ಲ ಎಂದು ತಿಳಿಸಿದರು. ನನ್ನ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದು ನನ್ನ ಮಗಳ ವಿಷಯವೂ ಹೌದು.

ವಿಜಯಪುರದಿಂದ, ಹದಿನಾಲ್ಕು ವರ್ಷದಿಂದ ಎಂಆರ್‌ಐ ಯಂತ್ರ ನಡೆಸುತ್ತಿರುವವನು

ಮೇಲಿನ ಸಹೋದರಿ ಬರೆದದ್ದು ಸರಿಯಾಗಿದೆ. ಎಂಆರ್‌ಐ ಏಕೆ ಉತ್ತರ ಕೊಡುವುದಿಲ್ಲ ಎಂಬುದನ್ನು ಯಂತ್ರದ ಕಡೆಯಿಂದ ಹೇಳುತ್ತೇನೆ.

ಮೆದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ಮುಂಭಾಗದ ಕೋಣೆಯ ಹೊರಗೋಡೆಗೆ ಆತುಕೊಂಡು ಕಾಡೇಟ್ ಎಂಬ ಭಾಗವಿದೆ. ಗೊದಮೊಟ್ಟೆಯಂತೆ ತಲೆ ದಪ್ಪ, ಬಾಲ ಸಣ್ಣ. ಆರೋಗ್ಯವಂತರಲ್ಲಿ ಅದರ ತಲೆ ಕೋಣೆಯೊಳಕ್ಕೆ ಉಬ್ಬಿಕೊಂಡಿರುತ್ತದೆ. ಹಂಟಿಂಗ್ಟನ್‌ನಲ್ಲಿ ಕಾಡೇಟ್ ಮತ್ತು ಅದರ ನೆರೆಯ ಪುಟಾಮೆನ್ ಮೊದಲು ಸವೆಯುತ್ತವೆ, ಆ ಉಬ್ಬು ತಗ್ಗಿ ಗೋಡೆ ಚಪ್ಪಟೆಯಾಗುತ್ತದೆ, ಕೋಣೆ ಚೌಕನೆಯ ಡಬ್ಬಿಯಂತೆ ಕಾಣುತ್ತದೆ. ನಿಮ್ಮ ತಂದೆಯವರ ಫಿಲ್ಮನ್ನು ಬೆಳಕಿಗೆ ಹಿಡಿದರೆ ಪ್ರಾಯಶಃ ನಿಮಗೂ ಗುರುತು ಸಿಗುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟು ಸವೆಯುವ ಹೊತ್ತಿಗೆ ಸಾಮಾನ್ಯವಾಗಿ ಕೈಕಾಲಿನಲ್ಲಿಯೂ ಲಕ್ಷಣ ಕಾಣಿಸಿಕೊಂಡಿರುತ್ತದೆ.

ಹಾಗಾದರೆ ಲಕ್ಷಣಕ್ಕಿಂತ ಹತ್ತು ವರ್ಷಕ್ಕೂ ಮೊದಲೇ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ ಎಂದು ಬರೆಯುತ್ತಾರಲ್ಲ ಎಂದು ನೀವು ಕೇಳಬಹುದು. ಅದು ಸುಳ್ಳಲ್ಲ. ಟ್ರ್ಯಾಕ್-ಎಚ್‌ಡಿ ಎಂಬ ಅಧ್ಯಯನದಲ್ಲಿ ಲಂಡನ್, ಪ್ಯಾರಿಸ್, ಲೈಡನ್ ಮತ್ತು ವ್ಯಾಂಕೂವರ್‌ಗಳಲ್ಲಿ 366 ಜನರ ಮೆದುಳನ್ನು ಅಳೆದಾಗ, ಜೀನ್ ಇದ್ದು ಲಕ್ಷಣ ಇಲ್ಲದವರಲ್ಲಿಯೂ ಈ ಭಾಗಗಳ ಗಾತ್ರ ಕಡಿಮೆಯಾಗಿದ್ದುದು ಕಂಡಿತು. ಇಲ್ಲಿ ಎರಡು ಮಾತನ್ನು ಗಮನಿಸಬೇಕು. ಯಾರಲ್ಲಿ ಜೀನ್ ಇದೆ ಎಂಬುದು ಸ್ಕ್ಯಾನಿನಿಂದ ತಿಳಿದದ್ದಲ್ಲ, ಮೊದಲೇ ರಕ್ತದಿಂದ ತಿಳಿದಿತ್ತು. ಕಂಡ ವ್ಯತ್ಯಾಸವೂ ಗುಂಪು ಗುಂಪುಗಳ ಸರಾಸರಿಯದು. ಒಬ್ಬೊಬ್ಬರ ತಲೆಯ ಅಳತೆ, ವಯಸ್ಸು, ಯಂತ್ರ ಇವುಗಳಿಂದಲೇ ಕಾಡೇಟ್‌ನ ಗಾತ್ರದಲ್ಲಿ ಸಾಕಷ್ಟು ಹೆಚ್ಚುಕಡಿಮೆ ಇರುವುದರಿಂದ, ನಿಮ್ಮ ತಂಗಿಯ ಒಂದು ಸ್ಕ್ಯಾನ್ ನೋಡಿ ಇದು ಕಾಯಿಲೆಯ ಸವೆತ, ಇದು ಅವಳ ಸಹಜ ಗಾತ್ರ ಎಂದು ಬೇರ್ಪಡಿಸಲಾಗದು. 2022ರಲ್ಲಿ ಸಂಶೋಧಕರು ಹಂಟಿಂಗ್ಟನ್‌ಗೆ 0ರಿಂದ 3ರವರೆಗೆ ಹಂತಗಳನ್ನು ಗೊತ್ತುಪಡಿಸಿದರು. ಅದರಲ್ಲಿಯೂ ಜೀನ್ ಇರುವುದೇ 0 ಹಂತ, ಎಂಆರ್‌ಐ ಅಳತೆಯಲ್ಲಿ ಸವೆತ ಕಾಣುವುದು 1ನೆಯ ಹಂತ. ಇದು ಔಷಧ ಪ್ರಯೋಗಗಳಿಗಾಗಿ ಮಾಡಿಕೊಂಡ ವಿಂಗಡಣೆ, ದವಾಖಾನೆಯ ದಿನನಿತ್ಯದ ಬಳಕೆಗಾಗಿ ಅಲ್ಲ.

ಇನ್ನೊಂದು ಒಳಗಿನ ಮಾತು. ನಮ್ಮಂಥ ಕೇಂದ್ರಗಳಲ್ಲಿ ವಾಡಿಕೆಯ ಮೆದುಳಿನ ಸ್ಕ್ಯಾನನ್ನು ಹೆಚ್ಚಾಗಿ 5 ಮಿಲಿಮೀಟರ್ ದಪ್ಪದ ಹೋಳುಗಳಲ್ಲಿ ತೆಗೆಯುತ್ತೇವೆ. ಗಾತ್ರ ಅಳೆಯುವುದಕ್ಕೆ 1 ಮಿಲಿಮೀಟರ್‌ನ ಬೇರೆಯೇ ಚಿತ್ರಣ, ಅಳೆಯುವ ತಂತ್ರಾಂಶ, ಒಂದೆರಡು ವರ್ಷದ ಬಳಿಕ ಅದೇ ಯಂತ್ರದಲ್ಲಿ ಮತ್ತೊಂದು ಸ್ಕ್ಯಾನ್ ಬೇಕು. ಏನೂ ಇಲ್ಲವೆಂದು ಬಂದರೆ ಚಿಂತೆ ಬಿಡಿ ಎಂದು ನನ್ನ ವೃತ್ತಿಯವರೇ ಹೇಳಿದರೆಂದು ಓದಿ ನನಗೆ ನಾಚಿಕೆಯಾಯಿತು. ಎಂಆರ್‌ಐಯಲ್ಲಿ ವಿಕಿರಣವಿಲ್ಲ, ನಷ್ಟವೇನು ಎಂದೂ ಕೆಲವರು ಹೇಳುತ್ತಾರೆ. ಆರೋಗ್ಯವಂತರ ಮೆದುಳಿನಲ್ಲಿಯೂ ಒಂದು ಚಿಕ್ಕ ನೀರುಗುಳ್ಳೆಯೋ ನಾಲ್ಕು ಬಿಳಿ ಚುಕ್ಕೆಯೋ ಸಿಗುವುದುಂಟು; ಈ ಮನೆತನದವರ ಕೈಗೆ ಅಂಥ ವರದಿ ಸಿಕ್ಕರೆ ಅವರ ರಾತ್ರಿಗಳು ಹೇಗೆ ಕಳೆಯುತ್ತವೆ ಎಂಬುದನ್ನು ನಾನು ಕಂಡಿದ್ದೇನೆ. ಪೆಟ್ ಸ್ಕ್ಯಾನಿನಲ್ಲಿ ಕಾಡೇಟ್ ಸಕ್ಕರೆಯನ್ನು ಕಡಿಮೆ ಬಳಸುವುದು ಕಾಣಬಹುದು ನಿಜ, ಆದರೆ ಅದರಲ್ಲಿ ವಿಕಿರಣವೂ ಇದೆ, ರಕ್ತದ ಪರೀಕ್ಷೆಯ ಜಾಗವನ್ನು ಅದೂ ತುಂಬುವುದಿಲ್ಲ.

ಬಾಗಲಕೋಟೆಯಿಂದ

ಚಿಕ್ಕದಾಗಿ ಒಂದು ಮಾತು, ಇದನ್ನು ಓದುವ ಬೇರೆ ಮನೆಗಳವರಿಗಾಗಿ. ನಮ್ಮ ತಮ್ಮನಿಗೆ 17ನೆಯ ವಯಸ್ಸಿನಲ್ಲಿ ಕೈ ನಡುಗಿ ಮಾತು ತೊದಲತೊಡಗಿದಾಗ ನಾವೂ ಹಂಟಿಂಗ್ಟನ್ ಎಂದೇ ಹೆದರಿದ್ದೆವು. ಅದು ವಿಲ್ಸನ್ ಕಾಯಿಲೆಯಾಗಿತ್ತು. ಯಕೃತ್ತು ಮತ್ತು ಮೆದುಳಿನಲ್ಲಿ ತಾಮ್ರ ಸೇರಿಕೊಳ್ಳುವುದು. ನಮ್ಮ ಅವ್ವ ಅಪ್ಪನಿಗೆ ಸೋದರಮಾವನ ಮಗಳು. ವಿಲ್ಸನ್‌ನಲ್ಲಿ ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಕಾಯಿಲೆ ಬರುತ್ತದೆಯಾದ್ದರಿಂದ ಸಂಬಂಧದೊಳಗಿನ ಮದುವೆ ಅಲ್ಲಿ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಮುಖ್ಯ ಸಂಗತಿಯೆಂದರೆ ಅದಕ್ಕೆ ಪೆನಿಸಿಲಮೈನ್, ಸತು ಮುಂತಾದ ಔಷಧಿಗಳಿವೆ, ಆದ್ದರಿಂದ ಒಡಹುಟ್ಟಿದವರನ್ನು ಲಕ್ಷಣಕ್ಕೆ ಕಾಯದೆ ಪರೀಕ್ಷಿಸಲೇಬೇಕು. ನಮ್ಮ ತಂಗಿಗೂ ಇರುವುದು ಹಾಗೆಯೇ ಗೊತ್ತಾಯಿತು, ಔಷಧಿಯ ಮೇಲೆ ಚೆನ್ನಾಗಿದ್ದಾಳೆ. ಅವಳ ವಿಷಯವನ್ನು ಹೇಳಿದ್ದೂ ಎಂಆರ್‌ಐ ಅಲ್ಲ. ರಕ್ತ, 24 ಗಂಟೆಯ ಮೂತ್ರದಲ್ಲಿನ ತಾಮ್ರ ಮತ್ತು ಕಣ್ಣಿನ ಪರೀಕ್ಷೆ.

ಬೆಳಗಾವಿಯಿಂದ, ಶಾಲಾ ಶಿಕ್ಷಕಿ

ಎಲ್ಲರೂ ಯಾವ ಪರೀಕ್ಷೆ ಎಂದು ಹೇಳುತ್ತಿದ್ದೀರಿ. ಯಾವುದನ್ನೂ ಮಾಡಿಸದೆ ಇರುವುದೂ ಒಂದು ನಿರ್ಧಾರವೇ. ನಮ್ಮ ಅವ್ವನಿಗೆ ಹಂಟಿಂಗ್ಟನ್ ಇತ್ತು. ಕೊನೆಯ ವರ್ಷಗಳಲ್ಲಿ ಜೋಳದ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ, ಕಿವುಚಿ, ಚಮಚದಲ್ಲಿ ತಿನ್ನಿಸುತ್ತಿದ್ದೆ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ತಾಸು ಬೇಕಾಗುತ್ತಿತ್ತು. ಅದನ್ನೆಲ್ಲ ಕಂಡ ಮೇಲೆ ನಾನು ನನ್ನ ಸಂಖ್ಯೆಯನ್ನು ತಿಳಿಯದಿರಲು ಒಪ್ಪಿಕೊಂಡೆ. ಕಾಯಿಲೆಯನ್ನು ತಡೆಯುವ ಔಷಧಿ ಇಂದಿಗೂ ಚಿಕಿತ್ಸೆಯಲ್ಲಿ ಬಂದಿಲ್ಲ. ಟೆಟ್ರಾಬೆನಜಿನ್ ಅಲುಗಾಟವನ್ನು ತಗ್ಗಿಸುತ್ತದೆ, ಆದರೆ ಮನಸ್ಸನ್ನು ಕುಗ್ಗಿಸಲೂಬಹುದು. ಜಗತ್ತಿನಲ್ಲಿ ನಮ್ಮಂತೆ ಅಪಾಯದಲ್ಲಿರುವವರ ಪೈಕಿ ಹೆಚ್ಚಿನವರು ಪರೀಕ್ಷೆ ಮಾಡಿಸಿಕೊಳ್ಳುವುದಿಲ್ಲ. ವರ್ಷಕ್ಕೊಮ್ಮೆ ನರರೋಗ ತಜ್ಞರನ್ನು ಕಾಣುತ್ತೇನೆ, ಅಷ್ಟೇ.

ನಿಮ್ಮ ತಂದೆಯವರು ಮಂಕಾಗಿ ಕುಳಿತರೆ ಅದನ್ನು ಬರಿಯ ದುಃಖವೆಂದು ಬಿಡಬೇಡಿ, ಖಿನ್ನತೆ ಈ ಕಾಯಿಲೆಯ ಅಂಗವೇ ಆಗಿದೆ ಮತ್ತು ಅದಕ್ಕೆ ಚಿಕಿತ್ಸೆ ಇದೆ. ನಿಮಗೆ ಮೂವರಿಗೂ ರಾತ್ರಿ ಹೊತ್ತು ತಾಳಲಾಗದಿದ್ದರೆ ಸರ್ಕಾರದ ಟೆಲಿ-ಮಾನಸ್ 14416 ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು.

ಜಮಖಂಡಿಯಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರದ ಹೆಸರನ್ನು ತೆಗೆಸಿದೆ. ತಮ್ಮ ತನಗೆ ಏನೂ ತಿಳಿಯುವುದೇ ಬೇಡವೆನ್ನುತ್ತಾನೆ, ತಂಗಿ ತಿಳಿಯಲೇಬೇಕೆನ್ನುತ್ತಾಳೆ. ಅತ್ತೆಯ ಮನೆಯವರಿಗೆ ಏನು ಹೇಳಬೇಕೆಂಬುದೇ ಉಳಿದಿದೆ.

ರಬಕವಿ-ಬನಹಟ್ಟಿಯಿಂದ

ಇಬ್ಬರದೂ ನಡೆಯಲಿ, ಒಬ್ಬರಿಗಾಗಿ ಇನ್ನೊಬ್ಬರು ಬದಲಾಗಬೇಕಿಲ್ಲ. ಅತ್ತೆಯ ಮಾತು ಬೇರೆ. ನಿಮ್ಮ ಅಜ್ಜನಿಗೆ ಇದೇ ಕಾಯಿಲೆ ಇದ್ದಿದ್ದರೆ ನಿಮ್ಮ ಅತ್ತೆಗೂ ಶೇಕಡಾ 50, ಅವರ ಮಗನಿಗೆ ಶೇಕಡಾ 25 ಸಾಧ್ಯತೆ ಇತ್ತು. ಅತ್ತೆಗೆ ಈಗ ಐವತ್ತು ದಾಟಿ ಆರೋಗ್ಯವಾಗಿದ್ದರೆ ಅದು ಸ್ವಲ್ಪ ಇಳಿಯುತ್ತದೆ, ಅಳಿಯುವುದಿಲ್ಲ. ಹಂಟಿಂಗ್ಟನ್ ಬರುವುದಕ್ಕೆ ಸಂಬಂಧದ ಮದುವೆ ಕಾರಣವಲ್ಲ, ಒಬ್ಬರಿಂದ ಬಂದರೂ ಸಾಕು. ಆದರೆ ಈ ಜೋಡಿಯಲ್ಲಿ ಎರಡೂ ಕಡೆಯಿಂದ ಅದು ಬರುವ ದಾರಿ ತೆರೆದಿದೆ. ಆದ್ದರಿಂದ ಅವರಿಗೆ ತಿಳಿಸಲೇಬೇಕು, ಮದುವೆಯ ಮಾತುಕತೆಯ ನಡುವೆ ಅಲ್ಲ, ನಿಮ್ಮ ತಂದೆ ಅಥವಾ ನೀವು ಅತ್ತೆಯೊಬ್ಬರನ್ನೇ ಕೂಡಿಸಿಕೊಂಡು. ಮದುವೆಗಾಗಿ ಯಾರೂ ಯಾರಿಂದಲೂ ಪರೀಕ್ಷೆ ಮಾಡಿಸಬಾರದು.

ತಂಗಿ ಹೋಗುವಾಗ ಜೊತೆಗೆ ಒಬ್ಬರಿರಲಿ. ನಿಮ್ಮ ತಂದೆಯ ಜೀನ್ ಪರೀಕ್ಷೆಯ ಮೂಲ ವರದಿಯನ್ನು, ಆ 43 ಎಂಬ ಸಂಖ್ಯೆ ಇರುವ ಪುಟವನ್ನು, ಒಯ್ಯಲು ಮರೆಯಬೇಡಿ. ಬಾಯಲ್ಲಿ ಹೇಳಿದರೆ ಸಾಲದು. ಅಜ್ಜನ ಒಡಹುಟ್ಟಿದವರ ಹೆಸರು ಮತ್ತು ವಯಸ್ಸನ್ನು ಹಿರಿಯರಿಂದ ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದನ್ನು ಬಲ್ಲ ಮುದುಕಿ ಒಬ್ಬಳೇ ಉಳಿದಿದ್ದಳು, ನಾವು ಕೇಳಲು ಹೋಗುವಷ್ಟರಲ್ಲಿ ಆಕೆಯೂ ತೀರಿಕೊಂಡಿದ್ದಳು.