ಅಂದರ್ ಬಾಹರ್‌ನ ಹೊಸ ಬಗೆ: ಪಾವತಿಯ ಲೆಕ್ಕಕ್ಕೆ ಸಹಾಯ ಬೇಕು

ನಮಸ್ಕಾರ. ಗೋವಾದ ಕ್ಯಾಸಿನೊಗಳಲ್ಲಿ ಆಡುವ ಅಂದರ್ ಬಾಹರ್‌ಗೆ ಹೊಸ ಬಗೆಯೊಂದನ್ನು ರೂಪಿಸುತ್ತಿದ್ದೇನೆ. ಮೂಲ ಆಟದಲ್ಲಿ ನಡುವೆ ಒಂದು ಇಸ್ಪೀಟು ಎಲೆ ತೆರೆದಿಟ್ಟು, ಅಂದರ್, ಬಾಹರ್ ಎಂಬ ಎರಡು ಕಡೆಗೆ ಸರದಿಯಂತೆ ಒಂದೊಂದೇ ಎಲೆ ಹಾಕುತ್ತಾರೆ; ಅದೇ ಅಂಕಿಯ ಜೊತೆ ಎಲೆ ಯಾವ ಕಡೆ ಮೊದಲು ಬೀಳುತ್ತದೆ ಎಂಬುದರ ಮೇಲೆ ಪಣ. ನನ್ನ ಬಗೆಯಲ್ಲಿ ನಡುವೆ ಒಂದರ ಬದಲು ಎರಡು ಬೇರೆ ಎಲೆ ತೆರೆದಿಡುವುದು, ಏಳು ಮತ್ತು ರಾಣಿ ಎಂದುಕೊಳ್ಳಿ. ಯಾವುದರ ಜೊತೆ ಎಲೆ ಮೊದಲು ಬಿದ್ದರೂ ಆಟ ಮುಗಿಯಿತು. ಬಹಳ ಚುರುಕಾದ ಆಟ, ಬಿಡಲು ಮನಸ್ಸಿಲ್ಲ.

ತೊಡಕಿರುವುದು ಲೆಕ್ಕದಲ್ಲಿ. ಮೊದಲ ಎಲೆ ಅಂದರ್‌ಗೆ ಹಾಕುವ ಹಳೆಯ ಆಟದಲ್ಲಿ ಅದು ಗೆಲ್ಲುವ ಸಾಧ್ಯತೆ ಶೇ 51.5. ಅದಕ್ಕೇ ಆ ಕಡೆ ಪಣ ಕಟ್ಟಿ ಗೆದ್ದವರಿಗೆ ನೂರಕ್ಕೆ 90 ಕೊಡುತ್ತಾರೆ. ನನ್ನ ಆಟದಲ್ಲಿ ಉಳಿದ 50 ಎಲೆಗಳಲ್ಲಿ 6 ಹೊಂದುವ ಎಲೆಗಳಿರುವುದರಿಂದ ಅದು ಶೇ 53.16 ಆಗುತ್ತದೆ. 90 ಕೊಟ್ಟರೆ ಕ್ಯಾಸಿನೊಗೇ ನೂರಕ್ಕೆ ಒಂದು ರೂಪಾಯಿ ನಷ್ಟ!

ಅಂದರ್‌ಗೆ 85, ಬಾಹರ್‌ಗೆ 110 ಎಂದು ಹಾಕಿ ನೋಡಿದೆ. ಎರಡೂ ಕಡೆ ಕ್ಯಾಸಿನೊಗೆ ಸುಮಾರು ಶೇ 1.65 ಉಳಿಯುತ್ತದೆ, ಆದರೆ ಪ್ರತಿ ಸುತ್ತಿಗೂ ಚಿಲ್ಲರೆ ಚಿಪ್ ಎಣಿಸುವ ಕೆಲಸ. ಮೊದಲ ಎಲೆಯಲ್ಲೇ ಅಂದರ್ ಗೆದ್ದರೆ 25, ಆಮೇಲೆ ಗೆದ್ದರೆ 100 ಎಂದಿಟ್ಟರೆ ಕ್ಯಾಸಿನೊಗೆ ಶೇ 2.68 ಉಳಿದು ಅಂದರ್ ಸರಿಹೋಗುತ್ತದೆ. ಆದರೆ ಬಾಹರ್‌ಗೆ ಸಮ ಪಾವತಿ (ನೂರಕ್ಕೆ ನೂರು) ಇಟ್ಟರೆ ಆಟಗಾರನಿಗೆ ಶೇ 6.3 ಹೊಡೆತ. ಆ ಕಡೆ ಯಾರು ಪಣ ಕಟ್ಟುತ್ತಾರೆ?

ಚಿಲ್ಲರೆ ಪಾವತಿಯಿಲ್ಲದೆ ಬಾಹರ್‌ನ ಹೊಡೆತವನ್ನು ಶೇ 3ರ ಆಸುಪಾಸಿಗೆ ಇಳಿಸಲು ಯಾವ ನಿಯಮ ಸೇರಿಸಬಹುದು?